ಸೋಲಾರ್ ಕುಕ್ಕರಿನ ಗೆಳತಿ

ಮಣಿನಗರದ ಶಾಲೆಯಲ್ಲಿ ಒಂಬತ್ತನೇ ತರಗತಿಯ ಪ್ರಾಜೆಕ್ಟಿಗೆ ನಾನೂ ಗೆಳತಿಯೂ ರಟ್ಟಿನ ಪೆಟ್ಟಿಗೆಯಲ್ಲಿ ಸೋಲಾರ್ ಕುಕ್ಕರ್ ಮಾಡಿದ್ದೆವು. ಒಳಗೆ ಬೆಳ್ಳಿಕಾಗದ ಅಂಟಿಸಿದವಳು ಅವಳು, ಅಕ್ಕಿ ತಂದವಳು ನಾನು. ಏನು ಕೇಳಿದರೂ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ತನ್ನ ಗುಜರಾತಿಯಲ್ಲಿ "ಥೈ ಜಶೇ", ಆಗಿಬಿಡುತ್ತೆ, ಎನ್ನುತ್ತಿದ್ದಳು.

ಪ್ರದರ್ಶನದ ದಿನ ಮಧ್ಯಾಹ್ನವಾದರೂ ಅನ್ನವಾಗಲಿಲ್ಲ. "ಬೆಂತಾ?" ಎಂದು ಟೀಚರ್ ಕೇಳಿದಾಗ ನನಗೆ ಅಳುವೇ ಬಂತು. ಅವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಟಕಟ ಅಗಿದು, "ಫಸ್ಟ್ ಕ್ಲಾಸ್, ಟೀಚರ್!" ಎಂದಳು.

"ನೀರು ಕುಡಿ, ಬೇಟಾ," ಎಂದು ನಕ್ಕು ಟೀಚರ್ ಪಾಸು ಮಾಡಿದರು.

"ಕಾಗದ ನಾನೇ ಸೊಟ್ಟ ಅಂಟಿಸಿದೆ, ಸಾರಿ ಯಾರ್," ಎಂದಳು ದಾರಿಯಲ್ಲಿ.

ನಾನು ಒಯ್ದದ್ದು ಊರಿನ ಕುಚ್ಚಲಕ್ಕಿ, ಒಲೆಯ ಮೇಲೂ ಬೇಗ ಬೇಯದು ಎಂದು ಸಂಜೆ ಅಮ್ಮ ಹೇಳಿದಳು. ನಾಚಿಕೆಯಿಂದ ಗೆಳತಿಗೆ ನಾನು ಅದನ್ನು ಹೇಳಲೇ ಇಲ್ಲ. ಹತ್ತನೆಯದು ಮುಗಿದು ಅವಳ ಮನೆಯವರು ಸೂರತ್‌ಗೆ ಹೋದರು, ವಿಳಾಸ ಸಿಗಲಿಲ್ಲ. ಈಗಲೂ ಕುಚ್ಚಲಕ್ಕಿ ತೊಳೆಯುವಾಗ, ಕಾಗದ ನೆಟ್ಟಗೇ ಇತ್ತೆಂದು ಅವಳಿಗೆ ಹೇಳಬೇಕೆನಿಸುತ್ತದೆ.