ರತ್ನಳ ಟೀ ಗಡ್ಡೆ

ಕೊನೆಯ ಎರಡು ವರ್ಷ ನನ್ನ ಹೆಂಡತಿ ರತ್ನ ಟೀಯನ್ನು ಕುಡಿದದ್ದಕ್ಕಿಂತ ಚೀಪಿದ್ದೇ ಹೆಚ್ಚು. ಫ್ರಿಜ್ಜಿನ ಐಸ್ ಟ್ರೇಯಲ್ಲಿ ಶುಂಠಿ ಟೀ ಗಡ್ಡೆ ಕಟ್ಟಿರುತ್ತಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಒಂದು ಗಡ್ಡೆ ಬಾಯಿಗೆ ಹಾಕಿಕೊಂಡು, ಒಂದು ಕೆನ್ನೆ ಉಬ್ಬಿಸಿಕೊಂಡೇ ಬ್ಲೌಸಿನ ತೋಳು ಹೊಲಿಯುತ್ತಿದ್ದಳು. ಬಟ್ಟೆ ಕೊಡಲು ಬಂದ ಹೆಂಗಸರು ಹಲ್ಲುನೋವಾ ಎಂದು ಕೇಳುತ್ತಿದ್ದರು. ಅವಳು ಬಾಯಿ ಖಾಲಿಯಾಗುವವರೆಗೆ ಅವರನ್ನು ಕಾಯಿಸಿ, ಆಮೇಲೆ, "ಟೀ ಕುಡೀತಿವ್ನಿ ಕಣಮ್ಮ" ಅನ್ನುತ್ತಿದ್ದಳು.

ಅವಳ ಹನ್ನೊಂದನೆಯ ದಿನ ನನ್ನ ಅಕ್ಕ, ಬಂದವರೆಲ್ಲ ಊಟಕ್ಕೆ ಕೂತಿದ್ದಾಗ, "ಟೀ ಕುಡ್ದೂ ಕುಡ್ದೂ ಕಿಡ್ನಿ ಸುಟ್ಕೊಂಡ್ಳು" ಎಂದಳು. ನಾನು ಜಾಸ್ತಿ ಮಾತಾಡುವವನಲ್ಲ. ಅವತ್ತೂ ಸಾರು ಬಡಿಸಿಕೊಂಡು ಹೋದೆ. ಆದರೆ ಆ ಮಾತು ಸುಳ್ಳು. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳಬೇಕು.

ನಮ್ಮದು ಕಾಫಿ ಕುಡಿಯುವ ಮನೆ. ರತ್ನ ಮದುವೆಯಾಗಿ ಬೋಗಾದಿಯ ನಮ್ಮ ಮನೆಗೆ ಬಂದಾಗ ಬಟ್ಟೆಗಳ ನಡುವೆ ಅರ್ಧ ಕೇಜಿ ಟೀ ಪುಡಿ ಸುತ್ತಿಕೊಂಡು ಬಂದಿದ್ದಳು. ಟೀ ಕುಡಿದರೆ ಹೆಣ್ಣುಮಕ್ಕಳ ಮುಖ ಕಪ್ಪಾಗುತ್ತದೆ ಎಂದು ನನ್ನ ತಾಯಿ ಮೊದಲ ವಾರವೇ ಎಚ್ಚರಿಸಿದರು. ರತ್ನ ಒಲೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನಾನು ಉಟ್ಟಿದ್ದೇ ಈ ಬಣ್ದಲ್ಲಿ ಅತ್ತೆ. ಆಗ ನಮ್ಮನೇಲಿ ಟೀ ಪುಡಿನೇ ಇರ್ನಿಲ್ಲ." ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವರಿಗೆ ನೆಗಡಿಯಾಯಿತು. ರತ್ನ ಮೆಣಸು, ಶುಂಠಿ ಜಜ್ಜಿ ಹಾಕಿದ ಟೀಯನ್ನು ಲೋಟ ತುಂಬ ಕೊಟ್ಟಳು. ಅಮ್ಮ ಅದನ್ನು ಕಷಾಯವೆಂದು ಕರೆದು ಕುಡಿದರು. ಸಾಯುವವರೆಗೂ ಕಷಾಯವೆಂದೇ ಕರೆದರು.

ಅವಳ ಕೈಯಲ್ಲಿ ಟೀ ಮಾಡದ ಕೆಲಸವಿರಲಿಲ್ಲ. ಸೋಸಿ ಉಳಿದ ಚರಟವನ್ನು ತೊಳೆದು ಗುಲಾಬಿ ಕುಂಡಕ್ಕೆ ಹಾಕುತ್ತಿದ್ದಳು. ಸ್ವಲ್ಪವನ್ನು ಬಿಸಿಲಿಗೆ ಒಣಗಿಸಿ, ಚಿಂದಿ ಬಟ್ಟೆಯಲ್ಲಿ ಗಂಟು ಕಟ್ಟಿ, ಕಡಕೊಳದ ಕಾರ್ಖಾನೆಗೆ ನಾನು ಹಾಕಿಕೊಂಡು ಹೋಗುವ ಬೂಟಿನೊಳಗೆ ತುರುಕುತ್ತಿದ್ದಳು. ವಾಸನೆ ನಿಜಕ್ಕೂ ಹೋಗುತ್ತಿತ್ತು. ಬಿಳಿ ಲೇಸು ಸೀರೆಗೆ ಹೊಂದದಿದ್ದರೆ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಕೆನೆ ಬಣ್ಣಕ್ಕೆ ತರುತ್ತಿದ್ದಳು. ಸರಸ್ವತಿಪುರಂನಿಂದ ಬರುತ್ತಿದ್ದ ಟೀಚರೊಬ್ಬರು ಆ ಲೇಸು ಯಾವ ಅಂಗಡಿಯದೆಂದು ಎಷ್ಟು ಕೇಳಿದರೂ ರತ್ನ ಬಾಯಿ ಬಿಡಲಿಲ್ಲ. ಸೂಜಿ ನೋಡಿ ನೋಡಿ ಕಣ್ಣು ಉರಿದರೆ ತಣ್ಣನೆಯ ಟೀಯಲ್ಲಿ ಬಟ್ಟೆ ಅದ್ದಿ ರೆಪ್ಪೆಯ ಮೇಲೆ ಇಟ್ಟುಕೊಂಡು ಮಲಗುವಳು. ಹೊಟ್ಟೆ ಕೆಟ್ಟರೆ ಹಾಲಿಲ್ಲದ ಟೀಗೆ ನಿಂಬೆ. ಗಂಟಲು ಕಟ್ಟಿದರೆ ಉಪ್ಪು ಹಾಕಿದ ಟೀಯಲ್ಲಿ ಮುಕ್ಕಳಿಸುವುದು. ತಲೆನೋವಿಗೆ ಸ್ಟ್ರಾಂಗ್ ಟೀ.

ತಲೆನೋವಿನ ವಿಷಯದಲ್ಲೇ ನಾವು ಕೆಟ್ಟೆವು. ಕಾಯಿಲೆ ಗೊತ್ತಾಗುವ ಮೊದಲು ಎರಡು ವರ್ಷ ಅವಳಿಗೆ ಬೆಳಗಾದರೆ ತಲೆನೋವು. ಒಂದು ಟೀ ಕುಡಿದರೆ ಸ್ವಲ್ಪ ತಗ್ಗುತ್ತಿತ್ತು. ತಗ್ಗಿದ್ದು ನೋಡಿ ನಾವಿಬ್ಬರೂ ಸುಮ್ಮನಾದೆವು. ಎಷ್ಟೋ ಸಲ ನಾನೇ ಟೀ ಮಾಡಿ ಕೊಟ್ಟು, ಮಲಗು ಎಂದು ಹೇಳಿ ಬಸ್ಸು ಹಿಡಿದಿದ್ದೇನೆ. ಕಾಲು ಊದಿಕೊಂಡ ಮೇಲೆ ಆಸ್ಪತ್ರೆಗೆ ಹೋದರೆ, ಬಿಪಿ ಎಷ್ಟೋ ಕಾಲದಿಂದ ಏರಿದೆ, ಎರಡೂ ಕಿಡ್ನಿ ಹೋಗಿವೆ ಎಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಇಡೀ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಟೀ, ಸಾರು, ಮಾತ್ರೆಗೆ ಕುಡಿಯುವ ಗುಟುಕು ಎಲ್ಲ ಅದರೊಳಗೇ.

ಬೆಳಿಗ್ಗೆ ಎದ್ದು ಆ ಮುಕ್ಕಾಲು ಲೀಟರನ್ನು ಬಾಟಲಿಗೆ ಅಳೆದು ಇಡುವುದು ನನ್ನ ಕೆಲಸವಾಯಿತು. ಅದರಲ್ಲಿ ಅರ್ಧವನ್ನು ಅವಳು ಟೀಗೆ ಸುರಿಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಇದರಿಂದಲೇ ಹೀಗಾಯಿತು ಅನ್ನಿಸುತ್ತಿತ್ತು. ಒಂದು ದಿನ ಹೇಳದೆ ಕೇಳದೆ ಟೀ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಕಾರ್ಖಾನೆಗೆ ಹೊರಟುಹೋದೆ. ಸಂಜೆ ಬಂದಾಗ ಬಾಟಲಿ ಬೆಳಿಗ್ಗೆ ಇಟ್ಟಂತೆಯೇ ಇತ್ತು. ಒಂದು ಗುಟುಕೂ ಇಳಿದಿರಲಿಲ್ಲ. ಅವಳ ತುಟಿ ಒಣಗಿ ಬಿರಿದಿತ್ತು. ನಾನು ಬೈಯಲು ಬಾಯಿ ತೆಗೆದೆ. ಅವಳು ಕೈ ಎತ್ತಿ ತಡೆದಳು.

"ತಪ್ಪನ್ನ ಟೀ ಮೇಲೆ ಆಕ್ಬೇಡಿ. ಎರಡು ವರ್ಷ ತಲೆನೋವು ಅಂತ ಆಸ್ಪತ್ರೆಗೆ ಓಗ್ದೆ ಕೂತಿದ್ದೋರು ನಾವಿಬ್ರು. ಡಬ್ಬಿ ಏನ್ ಮಾಡ್ತು ನಿಮಗೆ?"

ಬ್ಯಾಗಿನಿಂದ ಡಬ್ಬಿ ತೆಗೆದು ಒಲೆಯ ಪಕ್ಕ ಇಟ್ಟೆ. "ಅಳ್ತೆ ಡಾಕ್ಟ್ರುದು," ಎಂದಳು, "ಅದ್ರೊಳಗೆ ಏನ್ ಕುಡೀಬೇಕು ಅನ್ನೋದು ನಂದು."

ಡಾಕ್ಟರೂ ಅದನ್ನೇ ಹೇಳಿದರು. ಹಾಲು ಕಡಿಮೆ ಇರಲಿ, ಅಳತೆ ಮೀರದಿರಲಿ, ಅಷ್ಟೇ. ಕಿಡ್ನಿ ಹೋದದ್ದು ಟೀಯಿಂದಲ್ಲ ಎಂದು ನಾನು ಕೇಳದೆಯೇ ಹೇಳಿದರು. ಅಕ್ಕನಿಗೆ ನಂಬಿಕೆ ಬಾರದಿದ್ದರೆ ಅವರನ್ನೇ ಹೋಗಿ ಕೇಳಲಿ.

ಗಡ್ಡೆಯ ಉಪಾಯ ಅವಳಿಗೆ ಹೊಳೆದದ್ದು ಆಮೇಲೆ. ಲೋಟದ ಟೀ ಎರಡು ನಿಮಿಷಕ್ಕೆ ಮುಗಿಯುತ್ತದೆ, ಬಾಯಾರಿಕೆ ಹಾಗೇ ಉಳಿಯುತ್ತದೆ. ಗಡ್ಡೆಯಾದರೆ ಒಂದೊಂದೂ ಹತ್ತು ನಿಮಿಷ ಬರುತ್ತದೆ. ಬೆಳಿಗ್ಗೆ ಬಿಸಿಯಾಗಿ ಅರ್ಧ ಲೋಟ ಕುಡಿದು, ಉಳಿದದ್ದನ್ನು ಟ್ರೇಗೆ ಹುಯ್ಯುತ್ತಿದ್ದಳು. ಡಯಾಲಿಸಿಸ್ಸಿಗೆ ಹೋಗುವಾಗಲೂ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಐದಾರು ಗಡ್ಡೆ ಬಸ್ಸು ಹತ್ತುತ್ತಿದ್ದವು. ಪಕ್ಕದ ಮಂಚದಲ್ಲಿ ಲಾರಿ ಡ್ರೈವರೊಬ್ಬರು ಇರುತ್ತಿದ್ದರು. ಬಾಯಾರಿಕೆ ತಡೆಯದೆ ಕದ್ದು ನೀರು ಕುಡಿದು, ಪ್ರತಿ ಸಲ ಮೈ ಊದಿಸಿಕೊಂಡು ಬಂದು ಬೈಸಿಕೊಳ್ಳುತ್ತಿದ್ದರು. ರತ್ನ ಅವರಿಗೊಂದು ಗಡ್ಡೆ ಕೊಟ್ಟಳು. ಅವರದನ್ನು ಕಟಕಟ ಕಡಿದು ನುಂಗಿ ಇನ್ನೊಂದಕ್ಕೆ ಕೈ ಚಾಚಿದರು. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿಬಿಟ್ಟಳು. "ಅಂಗಲ್ಲ ಅಣ್ಣ. ಲಾರಿ ಓಡ್ಸ್‌ದಂಗೆ ಓಡುಸ್ಬೇಡಿ. ನಾಲಗೆ ಮೇಲಿಟ್ಕಂಡು ಸುಮ್ನೆ ಕೂತ್ಕಳಿ."

ಸಿಸ್ಟರ್ ಬಂದು ಇಬ್ಬರಿಗೂ ಬೈದರು. ಆದರೆ ತಿಂಗಳೊಳಗೆ ಡ್ರೈವರ ಕಾಲಿನ ಊತ ತಗ್ಗಿತು. ಆಮೇಲೆ ಅದೇ ಸಿಸ್ಟರ್ ಹೊಸದಾಗಿ ಬಂದವರನ್ನು ರತ್ನಳ ಮಂಚದ ಹತ್ತಿರ ಕಳಿಸುತ್ತಿದ್ದರು.

ಈ ಆಷಾಢದಲ್ಲಿ ಅವಳ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಸೋಮವಾರ ಸೇರಿಸಿದೆವು. ಗುರುವಾರ ಮಧ್ಯಾಹ್ನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಅಳತೆ ಬೇಡ, ಕೇಳಿದ್ದು ಕೊಡಿ ಎಂದರು. ಏನರ್ಥವೆಂದು ನನಗೆ ತಿಳಿಯಿತು. ಅವಳು ಕೇಳಿದ್ದು ಟೀ. ಕೆಳಗಿಳಿದು ಕ್ಯಾಂಟೀನಿನಿಂದ ಪೇಪರ್ ಲೋಟದಲ್ಲಿ ತಂದೆ. ತಲೆ ಎತ್ತಿ ಹಿಡಿದು ಎರಡು ಚಮಚ ಹಾಕಿದೆ. ಅಭ್ಯಾಸಬಲದಿಂದ ನುಂಗದೆ ಬಾಯಲ್ಲೇ ಇಟ್ಟುಕೊಂಡಳು. ಮೂರನೆಯ ಚಮಚಕ್ಕೆ ತುಟಿ ಬಿಗಿದು ಮುಖ ತಿರುಗಿಸಿದಳು.

"ಬರೀ ಸಕ್ರೆ ನೀರು. ಇದನ್ನ ನನ್ ಟೀ ಲೆಕ್ಕಕ್ಕೆ ಸೇರುಸ್ಬೇಡಿ ಕಣ್ರೀ."

ಸೇರಿಸುವುದಿಲ್ಲ ಎಂದೆ. ಸಂಜೆ ಹೊತ್ತಿಗೆ ರತ್ನ ಇರಲಿಲ್ಲ.

ಆ ಎರಡು ಚಮಚವನ್ನು ನಾನು ಇವತ್ತಿಗೂ ಟೀ ಅನ್ನುವುದಿಲ್ಲ. ಅವಳು ಕುಡಿದ ಕೊನೆಯ ಟೀ ಆ ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ, ಗೋಡೆ ಹಿಡಿದುಕೊಂಡು ನಿಂತು, ಅವಳೇ ಮಾಡಿಕೊಂಡದ್ದು. ಯಾರು ಕೇಳಿದರೂ ಹಾಗೇ ಹೇಳುತ್ತೇನೆ.