ಅವ್ವನ ಬಲಗಾಲು

ಕೊರೊನಾ ಎರಡನೇ ಅಲೆಯಲ್ಲಿ ಶಿರಾದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಅವ್ವ ಊರಿಗೆ ಮರಳಿದಳು. ಹೊಳವನಹಳ್ಳಿಯ ಗಂಡನ ಮನೆಯಿಂದ ನಾನು ಬಂದು ಜೊತೆಗೆ ಉಳಿದೆ. ಅಪ್ಪ ತೀರಿಕೊಂಡ ಮೇಲೆ ಮೂವತ್ತು ಕುರಿಗಳನ್ನು ಒಬ್ಬಳೇ ಮೇಯಿಸಿಕೊಂಡಿದ್ದವಳು ಅವಳು. ಕೆಮ್ಮು ನಿಂತಿತ್ತು, ಮುದ್ದೆ ಸೇರುತ್ತಿತ್ತು. ಗೆದ್ದೆವು ಅಂದುಕೊಂಡೆ.

ಮನೆಗೆ ಬಂದ ಐದನೇ ದಿನ ಬೆಳಿಗ್ಗೆ ಬಲಗಾಲು ಚಾಚಿ ಕೂತಿದ್ದಳು.

"ಜೋಮು ಹಿಡ್ದೈತೆ ಕಣೇ. ಎದ್ದಾಗ್ಲಿಂದ ಬುಡ್ತಾನೇ ಇಲ್ಲ."

ಮುಟ್ಟಿ ನೋಡಿದೆ. ಎಡಪಾದ ಬೆಚ್ಚಗಿತ್ತು, ಬಲಪಾದ ಆಗಷ್ಟೇ ನೀರಿನಿಂದ ತೆಗೆದ ಹಾಗೆ ತಣ್ಣಗಿತ್ತು. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಮಧ್ಯಾಹ್ನವೂ ತಿಕ್ಕಿದೆ. ಸಂಜೆ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ ಮೇಲೆ ಆಟೋ ಕರೆಸಿದೆ.

ಶಿರಾದವರು ತುಮಕೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ.

"ಈ ಕಾಯಿಲೆ ಬಂದವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ತದಮ್ಮ. ವಾಸಿಯಾದ ಮೇಲೂ ಆಗಬಹುದು. ಇವರಿಗೆ ಕಾಲಿನ ರಕ್ತನಾಳ ಮುಚ್ಚಿಹೋಗಿದೆ. ಬೆಳಿಗ್ಗೆಯೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು."

ಬಯ್ಯಲಿಲ್ಲ, ಸುಮ್ಮನೆ ಹೇಳಿದರು. ಮೊಣಕಾಲಿನ ಕೆಳಗೆ ತೆಗೆಯಬೇಕು ಅಂದರು. ಬೆರಳು ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆ.

ಆಪರೇಷನ್ ಮುಗಿದ ಮೇಲೆ ನರ್ಸ್ ಹೊರಗೆ ಬಂದು, "ಕಾಲನ್ನ ನೀವು ತಗೊಂಡು ಹೋಗ್ತೀರಾ, ನಾವೇ ವಿಲೇವಾರಿ ಮಾಡೋದಾ?" ಅಂತ ಕೇಳಿದಳು.

"ನೀವೇ ಮಾಡಿ," ಅಂದೆ.

ಅಳು ಬರಲಿಲ್ಲ. ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದೆ. ಎರಡನೇ ಸಲ ಚಟ್ನಿ ಕೇಳಿ ಹಾಕಿಸಿಕೊಂಡೆ.

ಮೂರು ದಿನ ಕಳೆದ ಮೇಲೆ ಅವ್ವ ಕೇಳಿದಳು. "ನನ್ ಕಾಲು ಏನ್ ಮಾಡಿದ್ರೇ?"

"ಆಸ್ಪತ್ರೆಯೋರೇ ನೋಡ್ಕಂಡ್ರು ಕಣವ್ವ."

"ಹೂತ್ರಾ, ಸುಟ್ರಾ?"

"ಕೇಳ್ಲಿಲ್ಲ."

"ಕೇಳ್ಬೇಕಾಗಿತ್ತು," ಅಂದು ಗೋಡೆಯ ಕಡೆ ಮುಖ ಮಾಡಿದಳು.

ಎಣ್ಣೆ ತಿಕ್ಕುತ್ತಾ ಕಳೆದ ಆ ದಿನದ ಮಾತನ್ನು ಅವಳು ಈವರೆಗೆ ಎತ್ತಿಲ್ಲ. ನಾನೂ ಎತ್ತಿಲ್ಲ. ಕುರಿಗಳು ಚಿಕ್ಕಪ್ಪನ ಹಿಂಡು ಸೇರಿದವು. ಅವ್ವ ಈಗ ಹೊಳವನಹಳ್ಳಿಯಲ್ಲಿ ನಮ್ಮ ಜೊತೆಗಿದ್ದಾಳೆ. ಕೃತಕ ಕಾಲು ಹಾಕಿಕೊಂಡು, ಕೋಲು ಹಿಡಿದು ಬಸ್ ಸ್ಟಾಪಿನವರೆಗೆ ಹೋಗಿ ಬರುತ್ತಾಳೆ. ಅಲ್ಲಿ ಯಾರಾದರೂ ಕುರಿ ಹೊಡೆದುಕೊಂಡು ಹೋದರೆ ಎಷ್ಟು ಮರಿ ಹಾಕಿದವು ಎಂದು ವಿಚಾರಿಸುತ್ತಾಳಂತೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟಿರುವ ಮಾತ್ರೆಯನ್ನು ಊಟವಾದ ಮೇಲೆ ನಾನೇ ಕೊಡುತ್ತೇನೆ. ಅಂಗೈ ಚಾಚುತ್ತಾಳೆ, ಇಡುತ್ತೇನೆ. "ನೀರು," ಅನ್ನುತ್ತಾಳೆ. ತಂದು ಕೊಡುತ್ತೇನೆ.