ಸಹಿ ಬೀಳದ ಸಂವಿಧಾನ

ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುವಾಗ ಗೆಳತಿಯರೆಲ್ಲ ಭಾರತದ ಸಂವಿಧಾನದ ಬೆನ್ನು ಹತ್ತಿದರೆ, ರಾಣೆಬೆನ್ನೂರಿನ ಸರಸ್ವತಿ ಅಮೆರಿಕದ್ದನ್ನು ಹಿಡಿದು ಕೂತಳು. ಅಧಿಕಾರ ಸಿಕ್ಕವನು ಕೆಡಬಹುದೆಂದು ಮೊದಲೇ ಅನುಮಾನಿಸಿ, ಒಬ್ಬನ ಕೈಯನ್ನು ಇನ್ನೊಬ್ಬ ತಡೆಯುವಂತೆ ಕಟ್ಟಿದ ಆ ವ್ಯವಸ್ಥೆ ಅವಳ ಮನಸ್ಸಿಗೆ ಹಿಡಿಸಿತ್ತು. ಮದುವೆಯಾಗಿ ಗಂಡ ಗುರುಬಸವನೊಂದಿಗೆ ಸಿಡ್ನಿಗೆ ಬಂದ ಮೇಲೆ ಆ ಓದು ಯಾರಿಗೂ ಬೇಕಾಗಲಿಲ್ಲ. ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ರೋಗಿಗಳ ಊಟದ ಟ್ರೇ ಜೋಡಿಸುವ ಕೆಲಸ ಸಿಕ್ಕಿತು. ಅದನ್ನೇ ನಗುನಗುತ್ತ ಕೆಲವು ವರ್ಷ ಮಾಡಿದಳು.

ಆಮೇಲೆ ಗುರುಬಸವನ ಕಂಪನಿ ಅವನನ್ನು ಮೆಲ್ಬರ್ನ್‌ಗೆ ಕಳಿಸಿತು. ಊರಂಚಿನ ಕ್ರಾನ್‌ಬರ್ನ್‌ನಲ್ಲಿ ಮನೆ ಮಾಡಿದರು. ಅಲ್ಲಿ ಹನ್ನೆರಡನೆಯ ತರಗತಿಯ ಇತಿಹಾಸಕ್ಕೆ ಅಮೆರಿಕದ ಕ್ರಾಂತಿಯೂ ಪಾಠವೆಂದು ಪಕ್ಕದ ಮನೆಯ ಹುಡುಗಿಯಿಂದ ತಿಳಿದದ್ದೇ ತಡ, ಸರಸ್ವತಿ ಟೀಚರ್ ಟ್ರೈನಿಂಗ್‌ಗೆ ಸೇರಿಬಿಟ್ಟಳು. ನಲವತ್ತು ದಾಟಿದ ಮೇಲೆ ಒಂದು ಸರ್ಕಾರಿ ಶಾಲೆಯಲ್ಲಿ ಕೆಲಸವೂ ಆಯಿತು. ಆದರೆ ಅದು ಕಾಂಟ್ರ್ಯಾಕ್ಟ್. ಕಾಯಂ ಮಾಡುವ ಮುನ್ನ ಉಪಪ್ರಾಂಶುಪಾಲೆ ಒಂದು ಪಾಠ ನೋಡುತ್ತೇನೆಂದರು.

ಅಂದಿಗೆ ಸರಸ್ವತಿ ಅಮೆರಿಕದ ಸಂವಿಧಾನ ಬರೆದ ಸಾವಿರದ ಏಳುನೂರ ಎಂಬತ್ತೇಳರ ಫಿಲಡೆಲ್ಫಿಯಾ ಸಭೆಯನ್ನೇ ತರಗತಿಗೆ ತಂದಳು. ಮಾತು ಹೊರಗೆ ಹೋಗದಂತೆ ಅಂದಿನವರ ಹಾಗೆ ಕಿಟಕಿ ಮುಚ್ಚಿಸಿ, ಚೀಟಿ ಎತ್ತಿಸಿ ಮಕ್ಕಳಿಗೆ ರಾಜ್ಯಗಳನ್ನು ಹಂಚಿದಳು. ಚರ್ಚೆ ಮುಗಿದ ಮೇಲೆ ಎಲ್ಲರೂ ಸಂವಿಧಾನದ ಹಾಳೆಗೆ ಸಹಿ ಹಾಕಬೇಕಿತ್ತು. ರೋಡ್ ಐಲೆಂಡ್ ಬಂದ ಹುಡುಗ, ಆ ರಾಜ್ಯ ಸಭೆಗೆ ಯಾರನ್ನೂ ಕಳಿಸಿರಲಿಲ್ಲವಲ್ಲ ಎನ್ನುತ್ತ ಹೊರಗೆ ಹೋಗಿ ನಿಂತ. ದೊಡ್ಡ ರಾಜ್ಯಗಳು ಜನಸಂಖ್ಯೆಗೆ ತಕ್ಕ ಸ್ಥಾನ ಕೇಳಿದವು, ಸಣ್ಣವು ಸಮಪಾಲು ಕೇಳಿದವು. ಜಗಳವಾಡಿ, ಕೊನೆಗೆ ಒಂದರಲ್ಲಿ ಜನಸಂಖ್ಯೆ, ಇನ್ನೊಂದರಲ್ಲಿ ಸಮಪಾಲು ಎಂದು ಎರಡು ಸದನಗಳಿಗೆ ಒಪ್ಪಿದರು. ಎಲ್ಲವೂ ಸರಸ್ವತಿ ಅಂದುಕೊಂಡಂತೆಯೇ ಸಾಗಿತ್ತು.

ಗುಲಾಮರ ಲೆಕ್ಕ ಬಂದಾಗ ಅಚೋಲ್ ಕೈ ಎತ್ತಿದಳು. ಅವಳ ತಂದೆತಾಯಿ ದಕ್ಷಿಣ ಸುಡಾನಿನವರು. ಐವರು ಗುಲಾಮರನ್ನು ಮೂವರೆಂದು ಎಣಿಸಿ, ಅದರಿಂದ ಬಂದ ಸ್ಥಾನಗಳನ್ನು ಒಡೆಯರ ರಾಜ್ಯಗಳಿಗೇ ಕೊಟ್ಟರೆಂಬುದನ್ನು ಅವಳು ಓದಿಕೊಂಡು ಬಂದಿದ್ದಳು.

“ಮಿಸ್, ಆ ಜನರಲ್ಲಿ ಒಬ್ಬರಾದರೂ ಸಭೆಯಲ್ಲಿ ಕೂತಿದ್ದರಾ?”

“ಇಲ್ಲ,” ಎಂದಳು ಸರಸ್ವತಿ.

“ಹಾಗಾದರೆ ನಾನು ಸಹಿ ಹಾಕುವುದಿಲ್ಲ.”

ಅಚೋಲ್ ಪೆನ್ ಕೆಳಗಿಟ್ಟಳು. ಅವಳನ್ನು ನೋಡಿ ಇನ್ನೂ ಕೆಲವರು ಇಟ್ಟರು. ಹಿಂದಿನ ಬೆಂಚಿನಲ್ಲಿ ಉಪಪ್ರಾಂಶುಪಾಲೆ ಏನೋ ಬರೆದುಕೊಂಡರು. ಇದು ಬರೀ ಆಟ, ಸಹಿ ಹಾಕಿ ಮುಗಿಸಿ ಎಂದು ಸರಸ್ವತಿ ಹೇಳಬಹುದಿತ್ತು. ಹಾಗೆನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಅಂದೂ ಕೆಲವರು ಸಹಿ ಹಾಕಿರಲಿಲ್ಲ ಎಂದು ಹೇಳಿದಳು. ಮುಂದೆ ರಾಜ್ಯಗಳು ಒಪ್ಪಿಗೆ ಕೊಡುವಾಗ, ಪ್ರಜೆಯ ಹಕ್ಕುಗಳೆಲ್ಲಿ ಎಂದು ಎಷ್ಟೋ ಜನ ಪಟ್ಟು ಹಿಡಿದದ್ದರಿಂದಲೇ ಹತ್ತು ತಿದ್ದುಪಡಿಗಳು ಬಂದವು. ಆದರೆ ಗುಲಾಮಗಿರಿ ಅವುಗಳಿಂದ ಹೋಗಲಿಲ್ಲ, ಅದಕ್ಕೆ ಒಂದು ಯುದ್ಧವೇ ಆಗಬೇಕಾಯಿತು ಎಂಬುದನ್ನೂ ಮುಚ್ಚಿಡಲಿಲ್ಲ. ಏನು ಬದಲಾದರೆ ಸಹಿ ಹಾಕುತ್ತೀರಿ ಎಂದು ಕೇಳಿದ್ದೇ, ತರಗತಿ ಮತ್ತೆ ಕಾವೇರಿತು. ಹೊರಗೆ ನಿಂತು ಬೇಸತ್ತ ರೋಡ್ ಐಲೆಂಡ್ ಬಾಗಿಲು ತೆಗೆದು, ತನಗೂ ಮಾತಾಡಲು ಅವಕಾಶ ಬೇಕೆಂದಿತು. ಬೆಲ್ ಹೊಡೆದಾಗ ಹಾಳೆಯ ಮೇಲೆ ಸಹಿ ಬಿದ್ದಿರಲಿಲ್ಲ. ವಾದ ಕಾರಿಡಾರಿಗೆ ಹೋಯಿತು.

ಸಂಜೆ ಗುರುಬಸವ ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡ.

“ಸಹೀನ ಬೀಳಲಿಲ್ಲಂದ್ರ ಪಾಠ ಕೆಟ್ಟಂಗಲ್ಲೇನು?”

“ಇಲ್ರೀ. ಇಷ್ಟು ದಿನದಾಗ ಇವತ್ತ ಖರೇ ಪಾಠ ಆತು,” ಎಂದಳು. ಅಂದು ಅವಳಿಗೆ ಹಸಿವೂ ಚೆನ್ನಾಗಿತ್ತು.

ಮುಂದಿನ ವಾರ ಉಪಪ್ರಾಂಶುಪಾಲೆ ಕರೆಸಿ, ಕೆಲಸ ಕಾಯಂ ಆಯಿತೆಂದರು. ಮಕ್ಕಳು ಸಹಿ ಹಾಕುವುದಿಲ್ಲವೆಂದಾಗ ನೀವು ಅವರನ್ನು ಒತ್ತಾಯಿಸಲಿಲ್ಲ, ನನಗೆ ಅದು ಮೆಚ್ಚುಗೆಯಾಯಿತು ಎಂದೂ ಹೇಳಿದರು.

ಈಗಲೂ ಸರಸ್ವತಿ ಪ್ರತಿ ವರ್ಷ ಆ ಸಭೆ ಕೂಡಿಸುತ್ತಾಳೆ. ಒಮ್ಮೆ ಒಂದು ತರಗತಿ ಅರ್ಧ ಗಂಟೆಯಲ್ಲೇ ಸಹಿ ಹಾಕಿ ಮುಗಿಸಿತು. ಅವಳು ಹಾಳೆಯನ್ನು ಅವರ ಕೈಗೇ ವಾಪಸು ಕೊಟ್ಟು, ಇನ್ನೊಮ್ಮೆ ಓದಿ ಎಂದಳು.